ಒಂಬತ್ತು ಕಿಲೋಮೀಟರ್, ಒಂದು ಕಾಲರ್

ನವೆಂಬರ್ ೧೪

ಪುಟ್ಟೀ,

ಪಾರ್ಸೆಲ್ ಬಿಚ್ಚುವ ಮೊದಲು ಈ ಕಾಗದ ಓದು. ಒಳಗಿರುವುದು ನೀನು ಕೇಳಿದ್ದ, ಗುಹೆಯೊಳಗೆ ತೊಡುವ ಬಟ್ಟೆ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದೇ ತುಂಡು. ನಲವತ್ತೊಂದು ವರ್ಷದಿಂದ ಹೊಲಿಯುತ್ತಿದ್ದೇನೆ. ಮದುಮಕ್ಕಳಿಗೆ ಹೊಲಿದಿದ್ದೇನೆ, ಬ್ಯಾಂಡಿನವರಿಗೆ ಹೊಲಿದಿದ್ದೇನೆ, ಒಮ್ಮೆ ಸರ್ಕಸ್ಸಿನ ಕರಡಿಗೂ ಹೊಲಿದಿದ್ದೇನೆ. ಕೆಸರಿನಲ್ಲಿ ತೆವಳುವ ಮಗಳಿಗೆ ಹೊಲಿದದ್ದು ಇದೇ ಮೊದಲು. ಮೊಣಕಾಲಿಗೂ ಮೊಣಕೈಗೂ ಎರಡು ಪದರ ಕೊಟ್ಟಿದ್ದೇನೆ. ಕಾಲರ್ ಮಲಗಿಬಿಡುತ್ತದೆ, ಮೇಲಿಂದ ತೊಟ್ಟಿಕ್ಕುವ ನೀರು ಸೀದಾ ಬೆನ್ನಿಗೆ ಇಳಿಯುತ್ತದೆ ಎಂದು ಗೊಣಗಿದ್ದೆಯಲ್ಲ, ಅದಕ್ಕೆ ಒಳಗೊಂದು ಪಟ್ಟಿ ಹಾಕಿದ್ದೇನೆ. ಜನ್ಮದಲ್ಲಿ ಬಗ್ಗುವುದಿಲ್ಲ.

"ಇನ್ನೆಷ್ಟು ದಿನ ಬಿಲ ಹೊಕ್ಕೊಂಡಿರ್ತಾಳಂತೆ?" ಎಂದು ನಿನ್ನ ಅಮ್ಮ ಕೇಳುತ್ತಾಳೆ. ಅವಳ ಹೆಸರು ಹೇಳಿಕೊಂಡು ನಾನೇ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ಅಂಗಡಿಯಲ್ಲಿ ನಿನ್ನ ಮೆಷಿನ್ನಿಗೆ ಪ್ರತಿ ಸೋಮವಾರ ಎಣ್ಣೆ ಬಿಡುತ್ತೇನೆ. ಮೂರು ವರ್ಷದಿಂದ ಅದರ ಮುಂದೆ ಯಾರನ್ನೂ ಕೂರಿಸಿಲ್ಲ. ಮುಂದಿನದು ನಿನಗೇ ಗೊತ್ತು.

ಇನ್ನೊಂದು ವಿಷಯ. ಜಗತ್ತಿನ ದೊಡ್ಡ ಗುಹೆಗಳಲ್ಲಿ ಒಂದನ್ನು ನನ್ನ ಮಗಳು ಅಳೆಯುತ್ತಿದ್ದಾಳೆ ಎಂದು ಬಂದವರಿಗೆಲ್ಲ ಹೇಳಿಕೊಂಡಿದ್ದೇನೆ. ನಿನ್ನೆ ಪ್ಯಾಂಟಿಗೆ ಅಳತೆ ಕೊಡಲು ಬಂದವನೊಬ್ಬ "ಎಷ್ಟು ದೊಡ್ಡದು?" ಎಂದು ಕೇಳಿಬಿಟ್ಟ. ನನ್ನ ಬಾಯಿಗೆ ಬೀಗ ಬಿತ್ತು. ಗುಹೆಯನ್ನು ಹೇಗೆ ಅಳೆಯುತ್ತೀರಿ, ಬರೆ.

ಇಂತಿ,
ಬೀಗ ಬಿದ್ದ ಅಪ್ಪ


ನವೆಂಬರ್ ೩೦

ಅಪ್ಪಾ,

ಬಟ್ಟೆ ಹೇಳಿ ಮಾಡಿಸಿದ ಹಾಗಿದೆ. ಹೇಳಿಯೇ ಮಾಡಿಸಿದ್ದಲ್ಲವೇ! ಒಂದು ವಾರದಿಂದ ಬೆನ್ನು ಒಣಗಿದೆ. ಶಿಬಿರದಲ್ಲಿ ಎಲ್ಲರೂ ನನ್ನ ಕಾಲರ್ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಾರೆ.

ಎಷ್ಟು ದೊಡ್ಡದು ಎಂದರೆ ಒಂದೇ ಉತ್ತರವಿಲ್ಲ. ಉದ್ದದಲ್ಲಿ ಜಗತ್ತಿಗೇ ದೊಡ್ಡದಾದ ಗುಹೆಯ ದಾರಿಗಳನ್ನೆಲ್ಲ ಒಂದರ ಹಿಂದೊಂದು ಜೋಡಿಸಿದರೆ ಆರುನೂರ ಎಂಬತ್ತು ಕಿಲೋಮೀಟರ್ ದಾಟುತ್ತದೆ. ಆಳದಲ್ಲಿ ದೊಡ್ಡದು ಬೇರೆಯೇ, ಬಾಯಿಯಿಂದ ತಳಕ್ಕೆ ಎರಡು ಕಿಲೋಮೀಟರಿಗೂ ಹೆಚ್ಚು. ಒಳಗಿನ ಒಂದೇ ಕೋಣೆಯ ಮಾತು ಬಂದರೆ ಅಲ್ಲೂ ಜಗಳ: ನೆಲದ ವಿಸ್ತಾರದಲ್ಲಿ ಗೆದ್ದ ಕೋಣೆ ಒಂದು ದೇಶದ್ದು, ಒಳಗೆ ಹಿಡಿಯುವ ಗಾಳಿಯ ಲೆಕ್ಕದಲ್ಲಿ ಗೆದ್ದದ್ದು ಇನ್ನೊಂದು ದೇಶದ್ದು. ಅಂಥ ಕೋಣೆಯಲ್ಲಿ ನಮ್ಮ ದೀಪ ಚಾವಣಿಯನ್ನೇ ಮುಟ್ಟುವುದಿಲ್ಲ. ನಡುವೆ ಲೇಸರ್ ಯಂತ್ರ ನಿಲ್ಲಿಸಿ, ಸುತ್ತಲೂ ಬೆಳಕಿನ ಚುಕ್ಕೆ ಎಸೆದು ಅಳೆಯುತ್ತಾರೆ.

ನಮ್ಮದು ಉದ್ದದ ಪಂಗಡ. ಇದುವರೆಗೆ ತೊಂಬತ್ತೊಂದು ಕಿಲೋಮೀಟರ್. ನೂರು ದಾಟಿಸುವುದು ಎಲ್ಲರ ಆಸೆ. ಇಕ್ಕಟ್ಟಾದ ಸಂದುಗಳಲ್ಲಿ ಯಂತ್ರ ಉಪಯೋಗಕ್ಕೆ ಬರುವುದಿಲ್ಲ, ಅಲ್ಲಿ ಟೇಪೇ ಗತಿ. ನನ್ನ ಜೊತೆಗಾರ ಆರಡಿ ಮೂರಂಗುಲ, ಅವನನ್ನು ಉದ್ದಣ್ಣ ಎನ್ನುತ್ತೇವೆ. ಈ ಕೆಲಸಕ್ಕೆ ಯಾಕೆ ಬಂದನೋ ಅವನಿಗೇ ಗೊತ್ತಿಲ್ಲ. ಅವನು ಟೇಪಿನ ತುದಿ ಹಿಡಿದು ಮುಂದೆ ಹೋಗಿ, ಅವನ ದೀಪ ನನಗೆ ಕಾಣುವಷ್ಟು ದೂರದಲ್ಲಿ ನಿಲ್ಲುತ್ತಾನೆ. ನಾನು ಟೇಪಿನಲ್ಲಿ ಉದ್ದ, ದಿಕ್ಸೂಚಿಯಲ್ಲಿ ದಿಕ್ಕು, ಇನ್ನೊಂದು ಚಿಕ್ಕ ಉಪಕರಣದಲ್ಲಿ ಇಳಿಜಾರು ನೋಡಿ ಬರೆದುಕೊಳ್ಳುತ್ತೇನೆ. ಆಮೇಲೆ ಅವನು ನಿಂತಲ್ಲಿಗೆ ನಾನು ಹೋಗುತ್ತೇನೆ, ಅವನು ಮುಂದಕ್ಕೆ. ನಡೆದದ್ದು ಲೆಕ್ಕಕ್ಕಿಲ್ಲ ಅಪ್ಪಾ, ಅಳೆದದ್ದಷ್ಟೇ ಲೆಕ್ಕ.

ನಮ್ಮ ಮುಖ್ಯಸ್ಥೆಗೆ ಅರವತ್ತು ವರ್ಷ. ಕೆಂಪು ಪೆನ್ನಿನಲ್ಲಿ ನಮ್ಮ ಅಳತೆ ಪುಸ್ತಕ ತಿದ್ದುತ್ತಾರೆ, ಆದ್ದರಿಂದ ಬೆನ್ನ ಹಿಂದೆ ಹೆಡ್‌ಮಿಸ್. ಪಶ್ಚಿಮದ ಕವಲನ್ನು ನನಗೆ ಒಪ್ಪಿಸಿದ್ದಾರೆ. ಅದನ್ನು ಸರಿಯಾಗಿ ಅಳೆದರೆ ಕೆಲಸ ಕಾಯಂ. ಇಲ್ಲದಿದ್ದರೆ ಗಂಟುಮೂಟೆ. ಇಲ್ಲಿ ಫೋನ್ ಸಿಗುವುದಿಲ್ಲ. ವಾರಕ್ಕೊಮ್ಮೆ ಸಾಮಾನು ತರುವ ಜೀಪಿಗೇ ಕಾಗದ ಕೊಡುತ್ತೇನೆ.

ಒಣಗಿದ ಬೆನ್ನಿನ,
ಪುಟ್ಟಿ


ಡಿಸೆಂಬರ್ ೧೧

ಪುಟ್ಟೀ,

ಪ್ಯಾಂಟಿನವನಿಗೆ ನಿನ್ನ ಕಾಗದ ಓದಿ ಹೇಳಿದೆ. "ಹಾಗಾದ್ರೆ ದೊಡ್ಡದು ಯಾವ್ದು, ಅದ್ನ ಹೇಳಿ" ಎಂದು ಹಟ ಹಿಡಿದ. ನಾನು, "ನೋಡಪ್ಪ, ನೀನು ಎತ್ತರ. ನಿನ್ನ ಭಾವ ದಪ್ಪ. ನಿಮ್ಮಿಬ್ಬರಲ್ಲಿ ದೊಡ್ಡೋರು ಯಾರು ಅಂತ ನಾನು ಟೇಪು ಹಿಡಿದು ಹೇಳಕ್ಕಾಗುತ್ತಾ? ಎದೆ ಸುತ್ತು ಕೇಳು ಹೇಳ್ತೀನಿ, ಕಾಲುದ್ದ ಕೇಳು ಹೇಳ್ತೀನಿ" ಎಂದೆ. ಅವನಿಗೆ ಅರ್ಥವಾಯಿತು. ಭಾವನ ಮೇಲಿನ ಸಿಟ್ಟೂ ಸ್ವಲ್ಪ ಇಳಿದಂತೆ ಕಂಡಿತು.

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಎರಡು ಸಲ ಓದಿದೆ. ಕಾಯಂ ಆಗದಿದ್ದರೆ ನೇರ ಮನೆಗೆ ಬಂದು ನಿನ್ನ ಮೆಷಿನ್ ಮುಂದೆ ಕೂರುತ್ತೀಯಾ? ಮಾತು ಕೊಡು. ನಿನ್ನ ಕತ್ತರಿಯ ಕೈ ನನ್ನದಕ್ಕಿಂತ ನೇರ ಎಂದು ಎದುರಿಗೆ ಯಾವತ್ತೂ ಹೇಳಲಿಲ್ಲ. ಹೇಳಬೇಕಿತ್ತು.

ಆಶೀರ್ವಾದಗಳೊಂದಿಗೆ,
ಅಪ್ಪ


ಜನವರಿ ೮

ಅಪ್ಪಾ,

ಮಾತು ಕೊಟ್ಟೆ. ಧೈರ್ಯವಾಗಿ ಕೊಟ್ಟೆ, ಯಾಕೆಂದರೆ ನಾನು ಗೆಲ್ಲುವವಳಿದ್ದೇನೆ!

ಆರು ವಾರದಲ್ಲಿ ಒಂಬತ್ತು ಕಿಲೋಮೀಟರ್ ಮುನ್ನೂರು ಮೀಟರ್! ತೊಂಬತ್ತೊಂದಕ್ಕೆ ಕೂಡಿಸಿ ನೋಡು. ಉದ್ದಣ್ಣನ ಮೊಣಕಾಲು ಎರಡೂ ಹೋಗಿವೆ, ಆದರೂ ರಾತ್ರಿ ಊಟಕ್ಕೆ ಕೂತಲ್ಲಿ ಸಿಳ್ಳೆ ಹಾಕುತ್ತಾನೆ. ಎಲ್ಲಕ್ಕಿಂತ ದೊಡ್ಡ ಸುದ್ದಿ ಬೇರೆ. ಪಶ್ಚಿಮದ ಕವಲು ಸುತ್ತಿ ಬಳಸಿ, ನಾವು ಹೊರಟಿದ್ದ ದೊಡ್ಡ ಕೋಣೆಗೇ ಇನ್ನೊಂದು ಕಡೆಯಿಂದ ಬಂದು ಬಿದ್ದಿದೆ. ನಾನು ಮೊದಲ ದಿನ ಬಂಡೆಗೆ ಹಚ್ಚಿದ್ದ ಬಿಳಿ ಚುಕ್ಕೆಯನ್ನು ಆರು ವಾರದ ಮೇಲೆ ಹಿಂದಿನಿಂದ ಬಂದು ಮುಟ್ಟಿದೆ. ಕುಣಿದುಬಿಟ್ಟೆ.

ಇನ್ನು ಕಾಗದದ ಮೇಲೂ ಸುತ್ತು ಕೂಡಬೇಕು. ತೋಳು ಸುತ್ತ ಹೊಲಿದುಕೊಂಡು ಬಂದಾಗ ಕೊನೆಯ ಹೊಲಿಗೆ ಮೊದಲ ಹೊಲಿಗೆಗೆ ಸೇರಬೇಕಲ್ಲ, ಹಾಗೆ. ಐದು ಹತ್ತು ಮೀಟರ್ ಆಚೀಚೆಯಾದರೆ ಪರವಾಗಿಲ್ಲ. ನಲವತ್ತೈದರವರೆಗೆ ಹೆಡ್‌ಮಿಸ್ ಸಹಿಸುತ್ತಾರೆ. ನಾಳೆ ಲೆಕ್ಕ ಹಾಕುತ್ತೇವೆ.

ಕಾಯಂ ಆಗಲಿರುವ,
ಪುಟ್ಟಿ


ಜನವರಿ ೧೭

ಅಪ್ಪಾ,

ಮುನ್ನೂರ ನಲವತ್ತು ಮೀಟರ್. ಅಷ್ಟು ದೂರ ಬಾಯಿ ಬಿಟ್ಟುಕೊಂಡಿದೆ ನನ್ನ ಸುತ್ತು. ಒಂದೇ ಚುಕ್ಕೆ ನಕ್ಷೆಯಲ್ಲಿ ಎರಡು ಕಡೆ ಕೂತಿದೆ.

ಟೇಪು ಸರಿಯಿದೆ. ಕೆಟ್ಟಿರುವುದು ದಿಕ್ಕು, ಅದೂ ಒಂದು ಕಡೆ ತಿರುಗಿದಾಗ ಒಂದು ಥರ, ಇನ್ನೊಂದು ಕಡೆ ತಿರುಗಿದಾಗ ಇನ್ನೊಂದು ಥರ. ಹತ್ತಿರದಲ್ಲಿ ಕಬ್ಬಿಣ ಇದ್ದರೆ ದಿಕ್ಸೂಚಿಯ ಮುಳ್ಳು ಆ ಕಡೆ ಎಳೆಯುತ್ತದೆ. ಬಂಡೆಯ ಚೂರು ತಂದು ಪರೀಕ್ಷಿಸಿದೆವು, ಕಬ್ಬಿಣವಿಲ್ಲ. ನಾನು ಕೈಗಡಿಯಾರ ಕಟ್ಟುವುದಿಲ್ಲ, ಕನ್ನಡಕದ್ದು ಪ್ಲಾಸ್ಟಿಕ್ ಕಟ್ಟು, ದೀಪದ ಬ್ಯಾಟರಿ ಸೊಂಟದಲ್ಲಿ ದೂರ ಇರುತ್ತದೆ. ಜೇಬುಗಳನ್ನು ಜಾಲಾಡಿದೆ. ಶಿಬಿರದ ಮೇಜಿನ ಮೇಲೆ ಇಟ್ಟರೆ ಅದೇ ದಿಕ್ಸೂಚಿ ಸಾಧು ಹಸುವಿನ ಹಾಗೆ ಉತ್ತರ ನೋಡಿಕೊಂಡು ನಿಲ್ಲುತ್ತದೆ.

ಉದ್ದ ಸರಿಯಿದೆಯಲ್ಲ, ಅದನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಬೇಡಿಕೊಂಡೆ. "ಎಲ್ಲಿದೆ ಅಂತಾನೇ ಗೊತ್ತಿಲ್ಲದ್ದು ಎಷ್ಟುದ್ದ ಇದ್ರೇನಮ್ಮ?" ಎಂದು ಹೆಡ್‌ಮಿಸ್ ಕೆಂಪು ಪೆನ್ನು ಮುಚ್ಚಿದರು. ತಪ್ಪು ಎಲ್ಲಿ ನುಸುಳಿತು ಎಂದು ಫೆಬ್ರವರಿ ಹತ್ತರೊಳಗೆ ತೋರಿಸಬೇಕು. ಇಲ್ಲದಿದ್ದರೆ ನನ್ನ ಕವಲಿಗೆ ಅಡ್ಡಗೆರೆ, ನನಗೆ ಜೀಪು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೆಷಿನ್ನಿಗೆ ಎಣ್ಣೆ ಬಿಟ್ಟಿರು.

ಪುಟ್ಟಿ


ಜನವರಿ ೨೫

ಪುಟ್ಟೀ,

ಕಾಗದ ತಲುಪಿತು. ಬೇಸರ ಮಾಡಿಕೊಳ್ಳಬೇಡ. ಮನುಷ್ಯರು ಮಾಡುವ ಕೆಲಸ, ತಪ್ಪುತ್ತದೆ. ಬಾ. ಮೆಷಿನ್ ಚೆನ್ನಾಗಿದೆ. ಹೊಸ ಬೆಲ್ಟ್ ಹಾಕಿಸಿದ್ದೇನೆ.

ಅಪ್ಪ


ಜನವರಿ ೨೯

ಪುಟ್ಟೀ,

ಮೊನ್ನೆ ಬರೆದ ಕಾಗದವನ್ನು ಹರಿದು ಹಾಕು. ಅದನ್ನು ಬರೆದವನು ಕಳ್ಳ.

ನಿನ್ನ ಕಾಗದದಲ್ಲಿ "ಹತ್ತಿರದಲ್ಲಿ ಕಬ್ಬಿಣ" ಎಂಬಲ್ಲಿಗೆ ಬಂದಾಗ ನನ್ನ ಕೈ ತಾನಾಗಿಯೇ ನನ್ನ ಅಂಗಿಯ ಕಾಲರ್ ಮುಟ್ಟಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಕಾಲರಿಗೆ ಎಲ್ಲರೂ ಹಾಕುವುದು ಪ್ಲಾಸ್ಟಿಕ್ ಪಟ್ಟಿ. ನಾಲ್ಕು ಸಲ ಒಗೆದರೆ ಮುರಿಯುತ್ತದೆ, ನನ್ನ ಮಗಳಿಗೆ ಅಂಥದ್ದು ಯಾಕೆ ಎಂದು ನಾನು ಉಕ್ಕಿನದು ಹಾಕಿದೆ. ಹಳೆಯ ಉಕ್ಕಿನ ಅಳತೆಪಟ್ಟಿಯನ್ನು ಕತ್ತರಿಸಿ ಎರಡು ತುಂಡು. ಸಾಲದ್ದಕ್ಕೆ ಆ ಪಟ್ಟಿ ನನ್ನ ಡ್ರಾಯರಿನಲ್ಲಿ ವರ್ಷಗಟ್ಟಲೆ ಗುಂಡುಸೂಜಿಯ ಅಯಸ್ಕಾಂತಕ್ಕೆ ಅಂಟಿಕೊಂಡೇ ಬಿದ್ದಿತ್ತು. ಉಳಿದಿದ್ದ ಚೂರನ್ನು ತೆಗೆದು ಸೂಜಿಯ ಡಬ್ಬಿಯ ಮೇಲೆ ಹಿಡಿದು ನೋಡಿದೆ. ಹನ್ನೊಂದು ಸೂಜಿ ಎದ್ದು ಬಂದು ನೇತಾಡಿದವು.

ಅವತ್ತೇ ಬರೆಯಬಹುದಿತ್ತು. ಸುಮ್ಮನಿದ್ದರೆ ನೀನು ಮನೆಗೆ ಬರುತ್ತಿದ್ದೆ. ಮಾತೂ ಕೊಟ್ಟಿದ್ದೆ. ನಾನು ನಾಲ್ಕು ದಿನ ಸುಮ್ಮನಿದ್ದೆ ಪುಟ್ಟೀ. ಬೆಲ್ಟ್ ಹಾಕಿಸಿದೆ, ಕುರ್ಚಿಗೆ ಹೊಸ ದಿಂಬು ಹೊಲಿದೆ. ಈ ಬೆಳಿಗ್ಗೆ ನಿನ್ನ ಅಮ್ಮ ದಿಂಬು ನೋಡಿ, "ಏನ್ರೀ, ಮಗಳು ಸೋತಿದ್ದಕ್ಕೆ ಇಷ್ಟು ಸಂಭ್ರಮಾನಾ?" ಎಂದಳು. ಅವಳಿಗೆ ಪಟ್ಟಿಯ ವಿಷಯ ಗೊತ್ತೇ ಇರಲಿಲ್ಲ. ನನಗೆ ಗೊತ್ತಿತ್ತಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅಂಚೆ ತಡವಾಗಬಾರದೆಂದು ಬಸ್ಸಿನವನ ಕೈಗೇ ಕೊಟ್ಟು ಕಳಿಸುತ್ತಿದ್ದೇನೆ.

ಕಾಲರ್ ಬಿಚ್ಚು. ನಿಮ್ಮ ಹೆಡ್‌ಮಿಸ್‌ಗೆ ತೋರಿಸು. ತಪ್ಪು ನನ್ನದೆಂದು ಹೇಳು.

ನಿನ್ನ ಅಪ್ಪ


ಫೆಬ್ರವರಿ ೬

ಅಪ್ಪಾ, ಅಪ್ಪಾ, ಅಪ್ಪಾ!

ಕಾಗದ ಓದಿದ್ದು ಊಟದ ಮೇಜಿನಲ್ಲಿ. ಕಾಲರನ್ನು ದಿಕ್ಸೂಚಿಯ ಹತ್ತಿರ ಹಿಡಿದೆ. ಮುಳ್ಳು ಬೆಕ್ಕು ಮೀನು ನೋಡಿದ ಹಾಗೆ ತಿರುಗಿತು. ಬಲಕ್ಕೆ ಹಿಡಿದರೆ ಬಲಕ್ಕೆ, ಎಡಕ್ಕೆ ಹಿಡಿದರೆ ಎಡಕ್ಕೆ. ಉದ್ದಣ್ಣ ಬೆಂಚಿನಿಂದ ಬಿದ್ದ. ಹೆಡ್‌ಮಿಸ್ ನಕ್ಕದ್ದನ್ನು ಅವತ್ತೇ ಮೊದಲು ನೋಡಿದೆವು. ನಗು ನಿಲ್ಲದೆ ನೀರು ಕುಡಿಸಬೇಕಾಯಿತು.

ನಗು ನಿಂತ ಮೇಲೆ ನಾನು ಅತ್ತೆ. ಆ ನಾಲ್ಕು ದಿನದ ಬಗ್ಗೆ ನೀನು ಬರೆಯದೆ ಇದ್ದಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ನೀನು ಬರೆದೆ. ಆದ್ದರಿಂದ ನಾನೂ ಒಂದು ಹೇಳಬೇಕು, ಎಲ್ಲರ ಎದುರು ಹೇಳಿಯೂ ಆಯಿತು. ನಾನು ದಿಕ್ಕು ನೋಡಿದ ಮೇಲೆ ಆ ತುದಿಯಿಂದ ಜೊತೆಗಾರನೂ ತಿರುಗಿ ನನ್ನ ಕಡೆಯ ದಿಕ್ಕು ನೋಡಬೇಕು. ಎರಡೂ ತಾಳೆಯಾಗಬೇಕು. ಇದು ನಿಯಮ. ಬೇಗ ನೂರು ಮುಟ್ಟುವ ಆತುರದಲ್ಲಿ ನಾನದನ್ನು ಬಿಟ್ಟೆ. ಜಾಗ ಕಿರಿದು, ಸಾಧ್ಯವಾಗಲಿಲ್ಲ ಎಂದು ಪುಟ ಪುಟದಲ್ಲೂ ಸುಳ್ಳು ಬರೆದೆ. ಉದ್ದಣ್ಣನ ಕಾಲರಿನಲ್ಲಿ ಉಕ್ಕಿರಲಿಲ್ಲ. ಅವನು ಒಂದೇ ಸಲ ನೋಡಿದ್ದರೂ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ನಿನ್ನ ಪಾಲಿನ ತಪ್ಪು ಎರಡು ತುಂಡು ಪಟ್ಟಿ. ನನ್ನ ಪಾಲಿನದು ಒಂಬತ್ತು ಕಿಲೋಮೀಟರ್.

ಹೆಡ್‌ಮಿಸ್ ನನ್ನ ಪುಸ್ತಕ ಮುಚ್ಚಿ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ "ಪೂರ್ತಿ ಮತ್ತೆ ಅಳೆ. ಈ ಸಲ ಮೂರು ಜನ. ಟೇಪಿಗೊಬ್ಬ, ದಿಕ್ಸೂಚಿಗೆ ನೀನು, ಪುಸ್ತಕಕ್ಕೆ ಬೇರೆಯವರು. ನಿನ್ನ ಕೈಗೆ ಪುಸ್ತಕ ಕೊಡಲ್ಲ" ಎಂದರು. ಐದು ವಾರ ಸಮಯ. ಸುತ್ತು ಕೂಡಿದರೆ ಕೆಲಸ ನನ್ನದು. ಉಳಿದವರೆಲ್ಲ ಪೂರ್ವದ ಕವಲಿನಲ್ಲಿದ್ದಾರೆ, ಪುಸ್ತಕಕ್ಕೆ ಜನವಿಲ್ಲ. ಅಂಕಿ ಗುಂಡಗೆ ಬರೆಯುವವರು, ದಿನವಿಡೀ ಬಗ್ಗಿ ಕೂತು ಅಭ್ಯಾಸವಿರುವವರು, ಸಿಡುಕಿದರೂ ಅರ್ಧಕ್ಕೆ ಎದ್ದು ಹೋಗದವರು ಬೇಕು. ನನಗೆ ಒಬ್ಬರೇ ನೆನಪಾದರು. ಹೆಡ್‌ಮಿಸ್ ಕೂಡ, "ಪಟ್ಟಿ ಹಾಕ್ದೋರೇ ಬಂದು ಬರೀಲಿ" ಎಂದರು.

ಕಾಯುತ್ತಿರುವ,
ಪುಟ್ಟಿ


ಫೆಬ್ರವರಿ ೧೨

ಪುಟ್ಟೀ,

ನಿನಗೇನು ತಲೆ ಕೆಟ್ಟಿದೆಯಾ? ನನಗೆ ಅರವತ್ಮೂರು. ಲಿಫ್ಟ್ ಹತ್ತಿದರೇ ಉಸಿರು ಕಟ್ಟುತ್ತದೆ. ಮೂರು ಜನರ ಕೋಟು ಅರ್ಧ ಹೊಲಿದು ನೇತಾಡುತ್ತಿದೆ. ಐದು ವಾರ ಅಂಗಡಿ ಮುಚ್ಚಿದರೆ ಜನ ನಾನು ಸತ್ತೆ ಅಂದುಕೊಳ್ಳುತ್ತಾರೆ.

ಭಾನುವಾರದ ಬಸ್ಸಿಗೆ ಬರುತ್ತೇನೆ. "ಹೋಗ್ಬನ್ನಿ, ಮನೇಲಿ ಸ್ವಲ್ಪ ಗಾಳಿ ಆಡುತ್ತೆ" ಎಂದಳು ನಿನ್ನ ಅಮ್ಮ. ನನ್ನ ಬಟ್ಟೆ ನಾನೇ ಹೊಲಿದುಕೊಂಡಿದ್ದೇನೆ. ಕಾಲರೇ ಇಟ್ಟಿಲ್ಲ.

ಅಪ್ಪ


ಮಾರ್ಚ್ ೨೪

ಅಪ್ಪಾ,

ನೀನು ಹೋಗಿ ನಾಲ್ಕು ದಿನವಾಯಿತು. ಲೆಕ್ಕ ಇವತ್ತು ಮುಗಿಯಿತು. ಆರು ಮೀಟರ್! ಒಂಬತ್ತು ಕಿಲೋಮೀಟರ್ ಸುತ್ತಿ ಬಂದು ಆರೇ ಮೀಟರ್ ವ್ಯತ್ಯಾಸ. ಹೆಡ್‌ಮಿಸ್ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, "ಮುಂದಿನ ವರ್ಷಕ್ಕೆ ಹೊಸ ಬೂಟು ತಗೋ" ಎಂದರು. ಕಾಯಂ ಅಂದರೆ ಅವರ ಬಾಯಲ್ಲಿ ಇಷ್ಟೇ.

ಇನ್ನೊಂದು ಸುದ್ದಿಗೆ ನಗುವುದೋ ಅಳುವುದೋ ತಿಳಿಯದು. ದಿಕ್ಕು ಕೆಟ್ಟಿದ್ದರಿಂದ ಒಂದೇ ದಾರಿಯನ್ನು ಎರಡು ತುದಿಯಿಂದ ಹೊಕ್ಕು, ಎರಡು ದಾರಿ ಎಂದು ಎರಡು ಸಲ ಎಣಿಸಿದ್ದೆವು. ಅದನ್ನು ಕಳೆದ ಮೇಲೆ ಗುಹೆಯ ಒಟ್ಟು ಉದ್ದ ತೊಂಬತ್ತೊಂಬತ್ತು ಕಿಲೋಮೀಟರ್ ಒಂಬೈನೂರ ಎಂಬತ್ತೆಂಟು ಮೀಟರ್. ನೂರಕ್ಕೆ ಹನ್ನೆರಡು ಮೀಟರ್ ಕಡಿಮೆ! ಉದ್ದಣ್ಣ ಬಂಡೆಯ ಮೇಲೆ ತಲೆ ಇಟ್ಟುಕೊಂಡು ಕೂತಿದ್ದಾನೆ. ಅವನನ್ನೇ ಅಡ್ಡ ಮಲಗಿಸಿ ಎಳೆದರೂ ಹನ್ನೆರಡು ಆಗುವುದಿಲ್ಲ.

ನೀನಿಲ್ಲದೆ ಒಳಗೆ ಸದ್ದೇ ಇಲ್ಲ ಅಪ್ಪಾ. ಮೊದಲ ದಿನ ನೀನು ಗುಹೆಯ ಬಾಯಲ್ಲೇ ಅರ್ಧ ಗಂಟೆ ನಿಂತು, ಹಿಂತಿರುಗಿ ಹೋಗುತ್ತೀಯೇನೋ ಎಂದು ನಾವು ಕಾದು, ಕೊನೆಗೆ "ದಾರಿ ಬಿಡ್ರಿ" ಎಂದು ನುಗ್ಗಿದ್ದು. ದೊಡ್ಡ ಕೋಣೆಯ ನಡುವೆ ಕತ್ತೆತ್ತಿ ನಿಂತು "ಇದಕ್ಕೆ ಬಟ್ಟೆ ಎಷ್ಟು ಬೇಕಾಗ್ಬಹುದು?" ಎಂದು ನಿಜವಾಗಿಯೂ ಲೆಕ್ಕ ಹಾಕುತ್ತ ಕೂತಿದ್ದು. ನಾನು ಕೂಗಿದ ಅಂಕಿಯನ್ನು ನೀನು ತಿರುಗಿ ಹೇಳಿ, ನಾನು ಹೂಂ ಎಂದ ಮೇಲೆ ಬರೆಯಬೇಕು. ಹೂಂ ಸಣ್ಣಗಾದರೆ "ಜೋರಾಗಿ ಹೇಳಮ್ಮ, ಹೊಟ್ಟೆಗೆ ತಿಂದಿಲ್ವಾ" ಎನ್ನುತ್ತಿದ್ದೆ. ಐದು ವಾರದಲ್ಲಿ ಒಂದು ಅಂಕಿ ತಪ್ಪಲಿಲ್ಲ.

ಹನ್ನೆರಡು ಮೀಟರ್ ಕಡಿಮೆಯ,
ಪುಟ್ಟಿ


ಏಪ್ರಿಲ್ ೨

ಪುಟ್ಟೀ,

ಮಂಡಿ ಇನ್ನೂ ಮಡಚುತ್ತಿಲ್ಲ, ಬಾಯಿ ಮಾತ್ರ ನಿಂತಿಲ್ಲ. ಅಂಗಡಿಗೆ ಗುಂಡಿ ಹಚ್ಚಿಸಲು ಬಂದವರೂ ಗುಹೆಯ ಕಥೆ ಕೇಳದೆ ಹೋಗುವ ಹಾಗಿಲ್ಲ.

ಹನ್ನೆರಡು ಮೀಟರ್ ಎಂದು ಓದಿ ನಿದ್ದೆ ಬರಲಿಲ್ಲ. ಪುಸ್ತಕ ಬರೆದವನು ನಾನು, ಪ್ರತಿ ಪುಟವೂ ಕಣ್ಣಿಗೆ ಕಟ್ಟಿದೆ. ಒಂದೊಂದೇ ನೆನೆಯುತ್ತ ಹೋದೆ. ಪಶ್ಚಿಮದ ಕವಲಿನ ಬಾಯಲ್ಲಿ ನಾವು ದಿನಾ ಊಟಕ್ಕೆ ಕೂರುತ್ತಿದ್ದ ಆ ಸಂದು ಯಾವ ಪುಟದಲ್ಲಿದೆ? ಎಲ್ಲೂ ಇಲ್ಲ! ಟೇಪು ಕೆಳಗಿಟ್ಟು ರೊಟ್ಟಿ ಬಿಚ್ಚುತ್ತಿದ್ದೆವು, ರೊಟ್ಟಿ ಕಟ್ಟಿಟ್ಟು ಟೇಪು ಎತ್ತಿಕೊಳ್ಳುತ್ತಿದ್ದೆವು. ದೀಪದ ಬುಡದಲ್ಲೇ ಕತ್ತಲೆ. ಚೀಲ ಇಡಲು ನಾನು ಹಿಂದಕ್ಕೆ ಕೈ ಚಾಚಿದರೆ ಗೋಡೆ ಸಿಗುತ್ತಿರಲಿಲ್ಲ, ಚೆನ್ನಾಗಿ ನೆನಪಿದೆ. ಹೋಗಿ ಅಳೆಯಿರಿ.

ಇನ್ನೊಂದು ಮಾತು. ನಲವತ್ತೊಂದು ವರ್ಷ ನಾನು ಅಳತೆ ಕೂಗಿದೆ, ಯಾರೋ ಬರೆದುಕೊಂಡರು. ನೀನೂ ಚಿಕ್ಕಂದಿನಲ್ಲಿ ಬರೆದುಕೊಂಡವಳೇ. ಆ ಗುಹೆಯಲ್ಲಿ ನೀನು ಕೂಗಿದೆ, ನಾನು ಬರೆದೆ. ನಿನ್ನ ದನಿಯಲ್ಲಿ ಒಂದು ಸಲವೂ ಅಳುಕು ಇರಲಿಲ್ಲ. ಆ ದನಿ ಅಂಗಡಿಯಲ್ಲಿ ಸೊಂಟದ ಸುತ್ತಳತೆ ಕೂಗುತ್ತ ಕೂರಬೇಕೆಂದು ನಾನು ಯಾಕೆ ಹಟ ಮಾಡಿದೆನೋ. ಮೇಲಿನ ಮನೆಯವರ ಸೊಸೆಗೆ ಹೊಲಿಗೆ ಕಲಿಯುವ ಆಸೆ. ಸೋಮವಾರದಿಂದ ನಿನ್ನ ಮೆಷಿನ್ ಅವಳಿಗೆ ಕೊಟ್ಟೆ. ಕೊಟ್ಟಾಗ ಎದೆ ಸ್ವಲ್ಪ ಚುರುಕ್ ಎಂದಿತು, ಆಮೇಲೆ ಹಗುರಾಯಿತು. ಇನ್ನು ಬಾ ಬಾ ಎನ್ನುವುದಿಲ್ಲ. ರಜೆಗೆ ಬಂದರೆ ಸಾಕು.

ನಿನ್ನ ಗುಮಾಸ್ತ,
ಅಪ್ಪ


ಏಪ್ರಿಲ್ ೧೨

ಅಪ್ಪಾ,

ಜೀಪು ಹೊರಡಲು ನಿಂತಿದೆ, ಆತುರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಹೆಡ್‌ಮಿಸ್ ಎಲ್ಲರಿಗೂ ಓದಿ ಹೇಳಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕು ವರ್ಷದಿಂದ ಆ ಸಂದಿನಲ್ಲಿ ಊಟ ಮಾಡಿದವರು ನಮ್ಮಲ್ಲಿ ಹದಿನಾಲ್ಕು ಜನ.

ನಿನ್ನೆ ಹೋದೆವು. ಉದ್ದಣ್ಣ ಟೇಪಿನ ತುದಿ ಹಿಡಿದು ಹೊಟ್ಟೆಯ ಮೇಲೆ ತೆವಳಿದ. ನೀನು ಚೀಲ ಇಡುತ್ತಿದ್ದ ಕತ್ತಲೆಯೊಳಗೆ ಅವನ ಬೂಟು ಮಾಯವಾಯಿತು. ಪುಸ್ತಕ ಹಿಡಿದು ಹೆಡ್‌ಮಿಸ್ ಅವರೇ ಕೆಸರಿನಲ್ಲಿ ಕೂತಿದ್ದರು. ನಾನು ದಿಕ್ಕು ನೋಡಿದೆ, ಉದ್ದಣ್ಣ ಆ ತುದಿಯಿಂದ ತಿರುಗಿ ನೋಡಿದ, ಎರಡೂ ತಾಳೆಯಾದವು. ಟೇಪು ಬಿಗಿಯಾಯಿತು. ಹದಿನೈದು ಮೀಟರ್ ಇಪ್ಪತ್ತು ಎಂದು ಕೂಗಿದೆ. ಹೆಡ್‌ಮಿಸ್ ತಿರುಗಿ ಹೇಳಿದರು, ನಾನು ಹೂಂ ಎಂದೆ, ಅವರು ಬರೆದರು. ಕೂಡಿಸಿದ ಅಂಕಿಯನ್ನು ದೀಪದ ಬೆಳಕಿನಲ್ಲಿ ನನಗೆ ತೋರಿಸಿ, "ನಿಮ್ಮಪ್ಪಂಗೆ ಮೊದ್ಲು ಬರಿ" ಎಂದರು.

ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಎದ್ದು ನಿಂತುಕೋ, ಅಮ್ಮನನ್ನೂ ಕರೆ.

ನೂರು ಕಿಲೋಮೀಟರ್, ಮೂರು ಮೀಟರ್, ಇಪ್ಪತ್ತು ಸೆಂಟಿಮೀಟರ್.

ಈಗ ನೀನು ತಿರುಗಿ ಹೇಳಪ್ಪಾ, ಜೋರಾಗಿ.

ನಿನ್ನ,
ಪುಟ್ಟಿ